ಹೂವಿನ ಪಾತಿಗೆ ಎಂಥ ಕಲ್ಲು?

ಮನೆ ಕಟ್ಟಿ ಮುಗಿದ ಮೇಲೆ ಗೃಹಸ್ಥನ ಪಾಲಿಗೆ ಉಳಿಯುವುವು ಎರಡು: ತೀರಿಸಬೇಕಾದ ಸಾಲ, ಮತ್ತು ಗೋಡೆಗೂ ಕಾಂಪೌಂಡಿಗೂ ನಡುವೆ ಬಿದ್ದಿರುವ ಒಂದು ಪಟ್ಟಿ ಬರಿನೆಲ. ಸಾಲದ ಚಿಂತೆಯನ್ನು ಯಜಮಾನನೊಬ್ಬನೇ ಹೊರುತ್ತಾನೆ. ಬರಿನೆಲದ ಚಿಂತೆಗೆ ಮಾತ್ರ ಮನೆಮಂದಿಯೆಲ್ಲ ಹೆಗಲು ಕೊಡುತ್ತಾರೆ. ಅಲ್ಲಿ ಹೂವಿನ ಪಾತಿಯೊಂದು ಆಗಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರುವುದಿಲ್ಲ. ಅದರ ಸುತ್ತ ಎಂಥ ಕಲ್ಲನ್ನು ಕೂಡಿಸಬೇಕೆಂಬುದರಲ್ಲಿ ಇಬ್ಬರ ಅಭಿಪ್ರಾಯ ಒಂದಾಗಿರುವುದಿಲ್ಲ.

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಅಂಥದೊಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಹೆಸರಿನ ಕೊನೆಯಲ್ಲಿ ಇನ್ನೂ ಹಳ್ಳಿಯನ್ನು ಉಳಿಸಿಕೊಂಡಿರುವ ಈ ಬಡಾವಣೆಯ ಒಂದು ಬೀದಿ. ಸೈಜುಗಲ್ಲಿನ ಪಾಯದ ಮೇಲೆ ಎದ್ದು ನಿಂತ, ಗಿಲಾವು ಕಾಣದ ಕೆಂಪಿಟ್ಟಿಗೆಯ ಗೋಡೆ. ಗೋಡೆಯ ಪಕ್ಕದಲ್ಲಿ 15 ಅಡಿ ಉದ್ದ, 8 ಅಡಿ ಅಗಲದ ಖಾಲಿ ನೆಲ. ಮನೆಯ ಯಜಮಾನರು ನಿವೃತ್ತ ಉಪಾಧ್ಯಾಯರು. ಮನೆ ಕಟ್ಟುವಾಗ ಉಳಿದ ಇಟ್ಟಿಗೆಯನ್ನೇ ಹಲ್ಲಿನಂತೆ ಓರೆಯಾಗಿ ನಿಲ್ಲಿಸಿ, ಸುಣ್ಣ ಕಾವಿ ಬಳಿದರೆ ಸಾಕು, ಖರ್ಚಿಲ್ಲ ಎಂಬುದು ಅವರ ಮತ. ತಾವು ಕೆಲಸ ಮಾಡಿದ ಶಾಲೆಗಳ ಅಂಗಳದಲ್ಲೆಲ್ಲ ಅವರು ಕಂಡದ್ದು ಅದನ್ನೇ. ಬ್ಯಾಂಕಿನಲ್ಲಿ ಕೆಲಸದಲ್ಲಿರುವ ಮಗನಿಗೆ ಕನ್ನಡಿಯಂತೆ ಹೊಳೆಯುವ ಕರಿಯ ಗ್ರಾನೈಟು ಬೇಕು. ಸೊಸೆಯ ಮನಸ್ಸು ಬೆಂಗಳೂರಿನ ಯಾವುದೋ ಹೋಟೆಲಿನ ಮುಂದೆ ಕಂಡ ಬಿಳಿಯ ಉರುಟುಕಲ್ಲುಗಳ ಮೇಲಿದೆ. ಯಜಮಾನರ ತಾಯಿ, ಎಂಬತ್ತು ದಾಟಿದ ವೃದ್ಧೆ, ಈ ಚರ್ಚೆಯಲ್ಲಿ ಸೇರಲಿಲ್ಲ. ಅವರು ಹೇಳಿದುದು ಒಂದೇ ಮಾತು:

"ಕಲ್ಲು ಯಾವುದಾದರೂ ಹಾಕಿಸಿಕೊಳ್ಳಿರಪ್ಪ. ಬೆಳಗಾಗೆ ಹೂ ಕೀಳೋದಕ್ಕೆ ನಾನು ಕಾಲಿಡೋವಷ್ಟು ಜಾಗ ಬಿಡಿ."

ಆ ಮಾತನ್ನು ಯಾರೂ ಅಷ್ಟಾಗಿ ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಕೊನೆಗೆ ಪಾತಿಯ ರೂಪವನ್ನು ನಿರ್ಧರಿಸಿದುದು ಆ ಮಾತೇ.

ಗಾರೆ ಮೇಸ್ತ್ರಿ ಬಂದವನು ಮೂವರ ಬಯಕೆಗಳನ್ನೂ ಕೇಳಿಕೊಂಡು, "ಕಲ್ಲಿನ ಮಾತು ಆಮೇಲಿರಲಿ ಸ್ವಾಮಿ, ಮೊದಲು ನೆಲ ಏನು ಹೇಳ್ತದೆ ನೋಡೋಣ" ಎಂದು ಹಾರೆ ಹಾಕಿದ. ಮೇಲೆ ಅರ್ಧ ಅಡಿ ಮನೆ ಕಟ್ಟಿದ ಕಸ, ಜಲ್ಲಿ, ಮರಳು. ಅದರ ಕೆಳಗೆ ಎರೆಮಣ್ಣು.

ನೆಲದ ಉಸಿರು

ದಾವಣಗೆರೆಯ ಸುತ್ತ ಕೆಂಪು ನೆಲವೂ ಉಂಟು, ಎರೆಯ ನೆಲವೂ ಉಂಟು. ಒಂದೇ ಬಡಾವಣೆಯಲ್ಲಿ ಒಂದು ನಿವೇಶನ ಕೆಂಪಾಗಿ ಮತ್ತೊಂದು ಕಪ್ಪಾಗಿರುವುದೂ ಅಪರೂಪವಲ್ಲ. ಎರೆಮಣ್ಣು ಹತ್ತಿಗೆ ಹೇಳಿಮಾಡಿಸಿದ ಮಣ್ಣು. ಒಂದು ಕಾಲದಲ್ಲಿ ಈ ಊರಿಗೆ ಗಿರಣಿಗಳ ಕೀರ್ತಿಯನ್ನು ತಂದುಕೊಟ್ಟ ಹತ್ತಿ ಬೆಳೆದುದು ಇಂಥ ನೆಲದಲ್ಲಿಯೇ. ಆದರೆ ಹೊಲಕ್ಕೆ ಗುಣವಾದುದು ಮನೆಗೆ ದೋಷವಾಗುವುದುಂಟು. ಎರೆಮಣ್ಣಿನಲ್ಲಿರುವ ಜೇಡಿಯ ಕಣಗಳು ನೀರು ಕುಡಿದಾಗ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಗೆಯಲ್ಲಿ ಹೊಲದಲ್ಲಿ ಕೈ ತೂರುವಷ್ಟು ಅಗಲವಾಗಿ ಬಾಯಿಬಿಡುವ ಬಿರುಕುಗಳನ್ನು ಕಾಣದವರಿಲ್ಲ. ಅದೇ ಉಬ್ಬುವಿಕೆ, ಅದೇ ಕುಗ್ಗುವಿಕೆ ಮನೆಯ ಪಾಯದ ಅಡಿಯಲ್ಲಿಯೂ ವರ್ಷ ವರ್ಷವೂ ನಡೆಯುತ್ತಿರುತ್ತದೆ.

ಪಾಯದ ಸುತ್ತಲಿನ ಮಣ್ಣು ಎಲ್ಲ ಕಡೆಯೂ ಒಂದೇ ಸಮನಾಗಿ ಉಬ್ಬಿ ಕುಗ್ಗಿದರೆ ಗೋಡೆಗೆ ಅಷ್ಟು ಅಪಾಯವಿಲ್ಲ. ಅಪಾಯವಿರುವುದು ಒಂದು ಕಡೆ ಮಾತ್ರ ಒದ್ದೆಯಾದಾಗ. ಮೂರು ಕಡೆ ಒಣಗಿದ ನೆಲ, ಒಂದು ಕಡೆ ದಿನವೂ ನೀರುಣಿಸುವ ಹೂವಿನ ಪಾತಿ ಎಂದರೆ, ಮನೆಯ ಒಂದು ಮೂಲೆ ಮೇಲೇಳಲು ಹವಣಿಸುತ್ತದೆ, ಉಳಿದವು ನಿಂತಲ್ಲೇ ನಿಲ್ಲುತ್ತವೆ. ಕಿಟಕಿಯ ಮೂಲೆಯಿಂದ ಹೊರಟು ಇಟ್ಟಿಗೆಯ ಸಂದಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬಿರುಕು ಇದರ ಗುರುತು. ಬಿರುಕನ್ನು ಕಂಡವರು ಸಿಮೆಂಟನ್ನು ಬಯ್ಯುತ್ತಾರೆ, ಮೇಸ್ತ್ರಿಯನ್ನು ಬಯ್ಯುತ್ತಾರೆ. ಎದುರಿಗೇ ನಳನಳಿಸುತ್ತಿರುವ ದಾಸವಾಳದ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ.

ಆದುದರಿಂದ ಎರೆಯ ನೆಲದಲ್ಲಿ ಪಾತಿಯನ್ನು ಗೋಡೆಗೆ ಅಂಟಿಸಿ ಮಾಡಕೂಡದು. ಗೋಡೆಗೂ ಪಾತಿಗೂ ನಡುವೆ ಕಡಮೆಯೆಂದರೆ 3 ಅಡಿಯ ಅಂತರವಿರತಕ್ಕದ್ದು. ಆ 3 ಅಡಿಯನ್ನು ಬರಿ ಮಣ್ಣಾಗಿ ಬಿಡದೆ, ನೀರು ಕೆಳಗಿಳಿಯದಂತೆ ಚಪ್ಪಡಿ ಹಾಸಿ, ಸಂದುಗಳನ್ನು ಮುಚ್ಚಿ, ಗೋಡೆಯಿಂದ ಆಚೆಗೆ ಇಳಿಜಾರು ಕೊಡಬೇಕು. ಮೂರಡಿಗೆ ಒಂದು ಅಂಗುಲದ ಇಳಿತವಿದ್ದರೆ ಮಳೆಯ ನೀರು ತಾನಾಗಿಯೇ ಗೋಡೆಯನ್ನು ಬಿಟ್ಟು ಪಾತಿಯ ಕಡೆಗೆ ಹರಿಯುತ್ತದೆ.

ಮೇಸ್ತ್ರಿ ಇಷ್ಟನ್ನು ಹೇಳಿದೊಡನೆ ಸೊಸೆ ನಕ್ಕಳಂತೆ. "ಅತ್ತೆ, ಅಜ್ಜಿ ಕೇಳಿದ್ದೂ ಅದೇ ಅಲ್ಲವೇ? ಕಾಲಿಡೋಕೆ ಜಾಗ!" ಗೋಡೆ ಬೇಡಿದ ದಾರಿಯೂ ವೃದ್ಧೆ ಬೇಡಿದ ದಾರಿಯೂ ಒಂದೇ ಆಗಿತ್ತು.

ಇಟ್ಟಿಗೆಯ ಬಾಯಾರಿಕೆ

ಕೆಂಪು ನೆಲದವರು ಇದನ್ನು ಓದಿ ನಿಶ್ಚಿಂತರಾಗಬೇಕಾಗಿಲ್ಲ. ಪಾತಿಯನ್ನು ಗೋಡೆಯಿಂದ ದೂರವಿಡಲು ಎರಡನೆಯ ಕಾರಣವೂ ಉಂಟು. ಅದು ಇಟ್ಟಿಗೆಗೆ ಸಂಬಂಧಿಸಿದ್ದು. ಸುಟ್ಟ ಇಟ್ಟಿಗೆ ನೋಡಲು ಗಟ್ಟಿ; ಒಳಗೆ ಸಾವಿರಾರು ಸಣ್ಣ ರಂಧ್ರಗಳು. ಸಾಮಾನ್ಯ ಕಟ್ಟಡದ ಇಟ್ಟಿಗೆ 24 ಗಂಟೆ ನೀರಿನಲ್ಲಿ ಮುಳುಗಿದ್ದರೆ ತನ್ನ ತೂಕದ ಶೇಕಡ 20ರವರೆಗೆ ನೀರನ್ನು ಹೀರಬಹುದೆಂದು ಭಾರತೀಯ ಮಾನಕವೇ ಒಪ್ಪುತ್ತದೆ. ಒಳ್ಳೆಯ ಗ್ರಾನೈಟು ಹೀರುವುದು ಶೇಕಡ 1ಕ್ಕಿಂತಲೂ ಕಡಮೆ. ಈ ಎರಡು ಅಂಕಿಗಳಲ್ಲಿ ಪಾಯಕ್ಕೆ ಕಲ್ಲನ್ನೂ ಗೋಡೆಗೆ ಇಟ್ಟಿಗೆಯನ್ನೂ ಇಟ್ಟ ನಮ್ಮ ಕಡೆಯ ಕಟ್ಟುವ ಪದ್ಧತಿಯ ಅರ್ಥವೆಲ್ಲ ಅಡಗಿದೆ. ಕಲ್ಲು ನೆಲದ ಒದ್ದೆಯನ್ನು ತಾಳಿಕೊಳ್ಳುತ್ತದೆ, ಇಟ್ಟಿಗೆ ಅದರ ಮೇಲೆ ಒಣಗಿ ನಿಲ್ಲುತ್ತದೆ. ಪಾಯ ಮುಗಿದು ಗೋಡೆ ತೊಡಗುವೆಡೆಯಲ್ಲಿ ತೇವವನ್ನು ತಡೆಯುವ ಕಾಂಕ್ರೀಟಿನ ಪದರವೊಂದನ್ನು ಹಾಕುವುದೂ ಇದಕ್ಕಾಗಿಯೇ.

ಪಾತಿಯನ್ನು ಎತ್ತರಿಸಬೇಕೆಂಬ ಆಸೆಯಲ್ಲಿ ಮಣ್ಣನ್ನು ಈ ಪದರದ ಮೇಲಕ್ಕೆ ಪೇರಿಸಿದರೆ ಅಷ್ಟೂ ಏರ್ಪಾಟು ವ್ಯರ್ಥವಾಗುತ್ತದೆ. ಇಟ್ಟಿಗೆ ಮಣ್ಣಿನ ನೀರನ್ನು ಹೀರುತ್ತದೆ. ನೀರಿನೊಡನೆ ಗೊಬ್ಬರದ ಉಪ್ಪುಗಳೂ ಏರುತ್ತವೆ. ನೀರು ಆರಿದ ಮೇಲೆ ಗೋಡೆಯ ಮೈಮೇಲೆ ಬಿಳಿಯ ಸೌಳು ಕಾಣಿಸಿಕೊಳ್ಳುತ್ತದೆ. ಕ್ರಮೇಣ ಇಟ್ಟಿಗೆಯ ಮುಖ ಪುಡಿಪುಡಿಯಾಗಿ ಉದುರುತ್ತದೆ. ಗಿಲಾವಿಲ್ಲದ ಗೋಡೆಯಲ್ಲಿ ಇದು ಬೇಗ ಕಾಣುತ್ತದೆ; ಗಿಲಾವಿರುವ ಗೋಡೆಯಲ್ಲಿ ಕಾಣದೆಯೇ ನಡೆಯುತ್ತದೆ. ಇನ್ನೊಂದು ಶತ್ರು ಗೆದ್ದಲು. ಗೋಡೆಗೊರಗಿದ ಮಣ್ಣಿನೊಳಗಿಂದ ಅದು ಯಾರ ಕಣ್ಣಿಗೂ ಬೀಳದೆ ಬಾಗಿಲ ಚೌಕಟ್ಟಿನವರೆಗೆ ಹೋಗಬಲ್ಲದು. ಪಾತಿಯ ಮಣ್ಣಿನ ಮಟ್ಟ ತೇವದ ಪದರಕ್ಕಿಂತ ಅರ್ಧ ಅಡಿಯಾದರೂ ಕೆಳಗಿರಬೇಕು ಎಂಬುದು ಎಲ್ಲ ನೆಲಕ್ಕೂ ಸಲ್ಲುವ ನಿಯಮ.

ಯಜಮಾನರ ಇಟ್ಟಿಗೆಯ ಅಂಚು ಇಲ್ಲಿಯೇ ಬಿದ್ದುಹೋಯಿತು. ಗೋಡೆಯಲ್ಲಿ ಒಣಗಿ ನಿಂತರೆ ನೂರು ವರ್ಷ ಬಾಳುವ ಇಟ್ಟಿಗೆ, ಅರ್ಧ ಹೂತು ಅರ್ಧ ಮೇಲೆದ್ದು ದಿನವೂ ನೆನೆದು ಆರುತ್ತಿದ್ದರೆ ಕೆಲವೇ ಮಳೆಗಾಲಗಳಲ್ಲಿ ಮೂಲೆ ಕಳೆದುಕೊಳ್ಳುತ್ತದೆ. ಚೆನ್ನಾಗಿ ಬೆಂದ ಇಟ್ಟಿಗೆಯಾದರೆ ತುಸು ಹೆಚ್ಚು ಕಾಲ ಬರಬಹುದು. ಒಂದೆರಡು ವರ್ಷದ ಮಟ್ಟಿಗೆ ಸಾಕೆನ್ನುವವರು ಅದನ್ನು ಧಾರಾಳವಾಗಿ ಉಪಯೋಗಿಸಬಹುದು.

ಕಲ್ಲುಗಳ ಕುಲಗೋತ್ರ

ನೆಲವೂ ಗೋಡೆಯೂ ತಮ್ಮ ಮಾತನ್ನು ಹೇಳಿದ ಮೇಲೆ ಕಲ್ಲಿನ ಸರದಿ. ಅಂಗಡಿಯವನ ಅಂಗಳದಲ್ಲಿ ಕಲ್ಲುಗಳೆಲ್ಲ ಬಣ್ಣದಿಂದ ಮಾತ್ರ ಬೇರೆಯಾಗಿ ಕಾಣುತ್ತವೆ. ನಿಜವಾಗಿ ಅವು ಕುಲದಿಂದಲೇ ಬೇರೆ.

ಕಲಬುರಗಿ ಜಿಲ್ಲೆಯಿಂದ ಬರುವ ಶಹಾಬಾದು ಕಲ್ಲು ಸುಣ್ಣದ ಜಾತಿಯದು. ಪದರ ಪದರವಾಗಿ ಬಿಡುವುದರಿಂದ ಅದು ತೆಳುವಾದ, ಸಮವಾದ ಚಪ್ಪಡಿಯಾಗಿ ಸಿಕ್ಕುತ್ತದೆ. ಮಧ್ಯಮ ವರ್ಗದ ಮನೆಗಳ ಹಿತ್ತಿಲು, ಬಚ್ಚಲು, ಮಹಡಿಗಳಿಗೆ ಎಷ್ಟೋ ಕಾಲದಿಂದ ಆಗಿಬಂದ ಕಲ್ಲು. ಆಂಧ್ರದ ಕಡಪ ಕಲ್ಲು ಬಣ್ಣದಲ್ಲಿ ಕಪ್ಪಾದರೂ ಕುಲದಲ್ಲಿ ಇದರ ನೆಂಟನೇ, ಅದೂ ಸುಣ್ಣಗಲ್ಲೇ. ಕಪ್ಪೆಂಬ ಒಂದೇ ಕಾರಣದಿಂದ ಅದನ್ನು ಗ್ರಾನೈಟೆಂದು ಭ್ರಮಿಸುವವರುಂಟು. ಇದನ್ನು ತಿಳಿಯಲು ಅಡಿಗೆಮನೆಯ ಪರೀಕ್ಷೆಯೊಂದು ಸಾಕು. ಕಲ್ಲಿನ ಮೂಲೆಯನ್ನು ಮೊಳೆಯಿಂದ ಗೀರಿ, ಬಂದ ಹುಡಿಯ ಮೇಲೆ ನಿಂಬೆರಸದ ಎರಡು ಹನಿ ಬಿಟ್ಟು ನೋಡಬೇಕು. ಸಣ್ಣ ಗುಳ್ಳೆಗಳೆದ್ದರೆ ಸುಣ್ಣದ ಜಾತಿ, ಏಳದಿದ್ದರೆ ಬೇರೆ.

ಹೂವಿನ ಪಾತಿಯಲ್ಲಿ ಇದನ್ನು ತಿಳಿಯುವುದೇಕೆ? ಎರೆಮಣ್ಣಿನಲ್ಲಿ ಸುಣ್ಣ ಮೊದಲೇ ಉಂಟು. ಅಗೆದಾಗ ಬಿಳಿಯ ಹರಳುಗಳಾಗಿ ಕಾಣುವುದೇ ಅದು. ಸುಣ್ಣ ಹೆಚ್ಚಾದ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಬೇರಿಗೆ ದಕ್ಕುವುದಿಲ್ಲ. ಗುಲಾಬಿ, ದಾಸವಾಳ, ಮಲ್ಲಿಗೆಗಳ ಎಳೆಯ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಈ ಕೊರತೆಯ ಲಕ್ಷಣ. ಒಂದೆರಡು ಚಪ್ಪಡಿಯಿಂದ ಅಂಥ ಕೇಡಾಗುವುದಿಲ್ಲ. ಆದರೆ ಸುಣ್ಣಗಲ್ಲಿನ ಚೂರುಗಳನ್ನೇ ಗಿಡದ ಬುಡಕ್ಕೆ ಹರಡುವುದು ಹೊಟ್ಟೆನೋವಿನವನಿಗೆ ಹಬ್ಬದೂಟ ಬಡಿಸಿದಂತೆ. ಸುಣ್ಣದ ಕುಲದ ಕಲ್ಲು ನಡೆಯುವ ದಾರಿಗೆ ಸರಿ, ಬೇರಿನ ನೆರೆಗೆ ಸಲ್ಲದು.

ಇನ್ನು ಜಂಬಿಟ್ಟಿಗೆ. ಕರಾವಳಿಯವರು ಮುರಕಲ್ಲೆಂದೂ ಕೆಂಪುಕಲ್ಲೆಂದೂ ಕರೆಯುವ ಈ ಕಲ್ಲಿನ ಹೆಸರಿನಲ್ಲಿಯೇ ಇಟ್ಟಿಗೆ ಇದೆ. ಇದರ ಹಿಂದೆ ಒಂದು ಸ್ವಾರಸ್ಯವಾದ ಸಂಗತಿಯುಂಟು. ಟಿಪ್ಪು ಮಡಿದ ಮೇಲೆ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ನೋಡಲು ಕಂಪೆನಿ ಸರಕಾರ ಕಳುಹಿಸಿದ ವೈದ್ಯ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಹರಿಹರ ದಾವಣಗೆರೆಗಳ ಮೇಲೆಯೂ ಹಾದುಹೋದ. ಅದಕ್ಕೆ ಮೊದಲು ಮಲಬಾರಿನಲ್ಲಿ ಅವನು ನೆಲದೊಳಗೆ ಮೆದುವಾಗಿದ್ದು, ಕತ್ತರಿಸಿ ಗಾಳಿಗೆ ಇಟ್ಟರೆ ಗಟ್ಟಿಯಾಗುವ ಈ ಕಲ್ಲನ್ನು ಕಂಡಿದ್ದ. 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಲೋಕದ ಭೂವಿಜ್ಞಾನಿಗಳೆಲ್ಲ ಇಂದು ಬಳಸುವ ಆ ಹೆಸರಿನ ಅರ್ಥವೂ ಕನ್ನಡಿಗರು ಇಟ್ಟ ಹೆಸರಿನ ಅರ್ಥವೂ ಒಂದೇ.

ಕಾಸರಗೋಡಿನ ಬಳಿಯ ಬೇಕಲ ಕೋಟೆ ಈ ಕಲ್ಲಿನದು. ಕರಾವಳಿಯ ಎಷ್ಟೋ ಮನೆಗಳೂ ಬಾವಿಗಳೂ ತೋಟದ ಕಟ್ಟೆಗಳೂ ಈ ಕಲ್ಲಿನವು. ಅಲ್ಲಿ ಅದು ಮನೆಯಂಗಳದ ಕಲ್ಲು. ಅಲ್ಲಿಯವರು ಪಾತಿಗೆ ಬೇರೊಂದನ್ನು ಹುಡುಕಬೇಕಾಗಿಲ್ಲ. ದಾವಣಗೆರೆಯವರು ಅದನ್ನು ಘಟ್ಟ ಹತ್ತಿಸಿ ತರಿಸಿದರೆ ಲಾರಿಯ ಬಾಡಿಗೆ ಕಲ್ಲಿನ ಬೆಲೆಯನ್ನು ಮೀರುತ್ತದೆ. ಅದಲ್ಲದೆ ಕೆಂಪಿಟ್ಟಿಗೆಯ ಗೋಡೆಯ ಕೆಳಗೆ ಇನ್ನೊಂದು ಬಗೆಯ ಕೆಂಪು ಬಂದು ಕುಳಿತರೆ, ಒಂದೇ ಮನೆಯಲ್ಲಿ ಇಬ್ಬರು ಯಜಮಾನರಿದ್ದಂತೆ. ಯಾವ ಕೆಂಪೂ ಶೋಭಿಸುವುದಿಲ್ಲ.

ಸೊಸೆ ಬಯಸಿದ ಬಿಳಿಯ ಉರುಟುಗಳು ಬಹುಮಟ್ಟಿಗೆ ಬೆಣಚುಕಲ್ಲಾಗಿದ್ದರೆ ಗಿಡಕ್ಕೆ ಅಪಾಯವಿಲ್ಲ, ನಿಂಬೆರಸಕ್ಕೆ ಅವು ಜಗ್ಗುವುದಿಲ್ಲ. ಆದರೆ ಹಾಲುಗಲ್ಲಿನ, ಎಂದರೆ ಅಮೃತಶಿಲೆಯ ಚೂರುಗಳನ್ನೂ ಅದೇ ರೀತಿ ಉರುಟಾಗಿ ಮಾಡಿ ಮಾರುತ್ತಾರೆ. ಅವು ಸುಣ್ಣದ ಕುಲ. ಇನ್ನೊಂದು ಮಾತು: ಎರೆಯ ನೆಲದಲ್ಲಿ ಬಿಳಿಯ ಕಲ್ಲು ಬಿಳಿಯಾಗಿರುವುದು ಮೊದಲ ಮಳೆಯವರೆಗೆ ಮಾತ್ರ. ಹೊಳೆಯ ದಂಡೆಯಿಂದ ನಾಲ್ಕು ಮೂಟೆ ಉರುಟುಗಲ್ಲನ್ನು ತಂದರಾಯಿತೆಂದು ತುಂಗಭದ್ರೆಯ ಕಡೆಗೆ ಹೊರಡುವವರು ಒಂದನ್ನು ನೆನೆಯಬೇಕು. ಮರಳು ಕಲ್ಲುಗಳು 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳಿಗೆ ಒಳಪಟ್ಟವು. ಹೊಳೆಯ ದಡ ಯಾರ ಹಿತ್ತಿಲೂ ಅಲ್ಲ.

ಮಗನ ಕರಿಯ ಗ್ರಾನೈಟಿಗೆ ಕುಲದ ದೋಷವಿಲ್ಲ. ದೋಷವಿರುವುದು ಅದರ ಹೊಳಪಿನಲ್ಲಿ. ನುಣುಪು ಮಾಡಿದ ಕಲ್ಲಿನ ಮೇಲೆ ನೀರು ಬಿದ್ದರೆ ಹರೆಯದವರ ಕಾಲೇ ನಿಲ್ಲುವುದಿಲ್ಲ. ಮುಂಜಾನೆ ಇಬ್ಬನಿಯಲ್ಲಿ ಬರಿಗಾಲಿನಲ್ಲಿ, ಒಂದು ಕೈಯಲ್ಲಿ ಹೂಬುಟ್ಟಿ ಹಿಡಿದು, ಇನ್ನೊಂದು ಕೈಯಿಂದ ಕೊಂಬೆ ಬಾಗಿಸುವ ಮುದುಕಿಯ ಗತಿಯೇನು? ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಹಾಸಿಗೆ ಹಿಡಿದಂತೆಯೇ. ಬೇಸಗೆಯ ಮಧ್ಯಾಹ್ನದಲ್ಲಿ ಕರಿಯ ಕಲ್ಲು ಕಾದ ಹೆಂಚಾಗುತ್ತದೆ. ಅದರ ಬದಿಯ ಎಳೆಯ ಗಿಡವೂ ಬಾಡುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಇಟ್ಟಿಗೆಯ ಗೋಡೆ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಹೊರಗೆ ಬಿಡುವುದರಿಂದ, ಅಂಥ ಗೋಡೆಯ ಬಳಿ ಇನ್ನಷ್ಟು ಕಾವನ್ನು ಕೂಡಿಸುವುದು ಜಾಣತನವಲ್ಲ.

"ಅಜ್ಜಿ ಜಾರಿ ಬಿದ್ದರೆ?" ಎಂದು ಮೇಸ್ತ್ರಿ ಕೇಳಿದಾಗ ಮಗ ಮರುಮಾತಾಡಲಿಲ್ಲ.

ಪಾಯದ ಕಲ್ಲೇ ಪಾತಿಯ ಕಲ್ಲು

ಹಾಗಾದರೆ ಉಳಿದುದೇನು? ಎಲ್ಲರೂ ನೋಡಿಯೂ ನೋಡದಿದ್ದ ಕಲ್ಲು: ಮನೆಯ ಪಾಯದಲ್ಲಿಯೇ ಇದ್ದ ಸೈಜುಗಲ್ಲು. ಬೂದುಬಣ್ಣದ, ಉಳಿಯ ಏಟಿನ ಗುರುತಿರುವ, ಹೊಳಪಿಲ್ಲದ ಕಲ್ಲು. ಅದರ ಕುಲವನ್ನು ಕೇಳಿದರೆ ಯಾರೂ ಅದನ್ನು ಸಾಮಾನ್ಯವೆನ್ನಲಾರರು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಹೂಗಿಡಗಳ ನಡುವೆ ಎದ್ದು ನಿಂತಿರುವ ಬಂಡೆಗುಡ್ಡವನ್ನು ಕಾಣದವರು ವಿರಳ. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಆ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸಮೀಕ್ಷೆ ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿದೆ. ದಾವಣಗೆರೆಯ ಸೀಮೆಯ ಬಹುಭಾಗದ ನೆಲದಡಿಯಲ್ಲಿರುವುದೂ ಅದೇ ವಂಶದ ಬಂಡೆ. ಲಾಲ್‌ಬಾಗಿನ ಹೂವಿಗೆ ಒಪ್ಪುವ ಕಲ್ಲು ನಿಟ್ಟುವಳ್ಳಿಯ ಹೂವಿಗೆ ಒಪ್ಪದಿರಲು ಕಾರಣವಿಲ್ಲ.

ಇಟ್ಟಿಗೆಗೂ ಕಲ್ಲಿಗೂ ಹೊಂದಿಕೆಯಾಗುವುದೇ ಎಂಬ ಸಂದೇಹವಿದ್ದವರು ಒಂದು ಭಾನುವಾರ ಹರಿಹರಕ್ಕೆ ಹೋಗಿಬರಬಹುದು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನೂ ಮಂತ್ರಿಯೂ ಆಗಿದ್ದ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಬಳಪದ ಕಲ್ಲಿನದು. ಉಳಿಗೆ ಸುಲಭವಾಗಿ ಒಲಿಯುವ ಆ ಮೆದುಗಲ್ಲನ್ನು ಶಿಲ್ಪಿಗಳು ಕಂಬಕ್ಕೆ, ಭುವನೇಶ್ವರಿಗೆ ಬಳಸಿಕೊಂಡರು. ಗರ್ಭಗುಡಿಯ ಮೇಲಿದ್ದ ಮೂಲ ಶಿಖರ ಯಾವುದೋ ಕಾಲದಲ್ಲಿ ಅಳಿದು, ಅದರ ಎಡೆಯಲ್ಲಿ ಇಟ್ಟಿಗೆ ಗಾರೆಗಳ ಶಿಖರ ಬಂದಿತು. ಕೆಳಗೆ ಕಲ್ಲು, ಮೇಲೆ ಇಟ್ಟಿಗೆ. ದೇವಾಲಯದಲ್ಲಿ ಅನಿವಾರ್ಯವಾಗಿ ಬಂದ ಈ ಜೋಡಿ ಮನೆಗಳಲ್ಲಿ ಬುದ್ಧಿಪೂರ್ವಕವಾಗಿ ಬಂದಿದೆ. ಪಾಯದ ಬೂದುಗಲ್ಲು ಮೂರಡಿ ಆಚೆಗೆ ಪಾತಿಯ ಅಂಚಾಗಿ ಮತ್ತೊಮ್ಮೆ ಕಾಣಿಸಿಕೊಂಡರೆ, ಅಂಚು ಮನೆಯಿಂದಲೇ ಮೂಡಿದಂತೆ ತೋರುತ್ತದೆ. ಗೋಡೆಯ ಕೆಂಪು ಕೆಂಪಾಗಿಯೇ ಉಳಿಯುತ್ತದೆ, ಹೂವಿನ ಬಣ್ಣ ಎದ್ದು ಕಾಣುತ್ತದೆ. ಗೋಡೆಗೆ ಹೊಂದುವ ಕಲ್ಲನ್ನು ಹುಡುಕುವುದಕ್ಕಿಂತ ಪಾಯಕ್ಕೆ ಹೊಂದುವ ಕಲ್ಲನ್ನು ಹುಡುಕುವುದು ಸುಲಭ. ಅದು ಸಿಕ್ಕುವುದೂ ಹತ್ತಿರದಲ್ಲಿಯೇ.

ಕೂಡಿಸುವ ಕ್ರಮ

ನಿಟ್ಟುವಳ್ಳಿಯ ಆ 15 ಅಡಿಗೆ 8 ಅಡಿಯ ನೆಲದಲ್ಲಿ ಲೆಕ್ಕ ಹೀಗಾಯಿತು. ಗೋಡೆಯ ಬದಿಗೆ 3 ಅಡಿ ಚಪ್ಪಡಿಯ ದಾರಿ. ಅದರಾಚೆ 12 ಅಡಿ ಉದ್ದ, 3 ಅಡಿ ಅಗಲದ ಪಾತಿ. ಪಾತಿ ಮೂರಡಿಗಿಂತ ಅಗಲವಾದರೆ ನಡುವಿನ ಗಿಡಕ್ಕೆ ಕೈ ಎಟುಕುವುದಿಲ್ಲ. ಉಳಿದ 2 ಅಡಿ ಕಾಂಪೌಂಡಿನ ಪಕ್ಕಕ್ಕೆ. ಪಾತಿಯ ಸುತ್ತಳತೆ 30 ಅಡಿ. ಒಂದಡಿ ಉದ್ದ, ಮುಕ್ಕಾಲಡಿ ಅಗಲ, ಮುಕ್ಕಾಲಡಿ ಎತ್ತರದ ಸೈಜುಗಲ್ಲಾದರೆ 30 ಕಲ್ಲು ಬೇಕು. ಒಂದು ಘನ ಅಡಿ ಗ್ರಾನೈಟಿನ ತೂಕ ಸುಮಾರು 75 ಕಿಲೋ. ಅಂಥ ಒಂದು ಸೈಜುಗಲ್ಲು ಸುಮಾರು 42 ಕಿಲೋ ತೂಗುತ್ತದೆ. ಮೂವತ್ತಕ್ಕೆ ಒಂದೂಕಾಲು ಟನ್ನು. ಕಲ್ಲನ್ನು ದೂರದಿಂದ ತರಿಸುವ ಮೋಹ ಈ ಲೆಕ್ಕದ ಮುಂದೆ ತಾನಾಗಿಯೇ ಇಳಿಯುತ್ತದೆ. ಪಾಯ ಕಟ್ಟಿ ಮಿಕ್ಕ ಹನ್ನೆರಡು ಕಲ್ಲುಗಳು ಹಿತ್ತಿಲಿನಲ್ಲಿ ಬಿದ್ದಿದ್ದುವು. ಕೊಳ್ಳಬೇಕಾಗಿ ಬಂದುದು ಉಳಿದ ಹದಿನೆಂಟನ್ನು ಮಾತ್ರ. ತೂಕ ಬೇಡವೆನ್ನುವವರು ಎರಡು ಅಂಗುಲ ದಪ್ಪದ ಗ್ರಾನೈಟು ಚಪ್ಪಡಿಯನ್ನು ಅಡ್ಡಲಾಗಿ ನಿಲ್ಲಿಸಿ ಅರ್ಧ ಹೂಳಬಹುದು. ಒಂದಡಿ ಎತ್ತರದ ಚಪ್ಪಡಿಯಲ್ಲಿ ಅದೇ 30 ಅಡಿಗೆ 375 ಕಿಲೋ ಸಾಕು. ಆದರೆ ಎರೆಯಲ್ಲಿ ತೆಳುಗಲ್ಲು ಬೇಗ ವಾಲುತ್ತದೆ.

ಕಲ್ಲನ್ನು ಎರೆಯ ಮೇಲೆ ನೇರವಾಗಿ ಕೂಡಿಸಬಾರದು. ಒಂದಡಿ ಅಗಲ, ಮುಕ್ಕಾಲಡಿ ಆಳದ ಕಾಲುವೆ ತೆಗೆದು, ಅರ್ಧದಷ್ಟು ಗರಸು ತುಂಬಿ ದಮ್ಮಸು ಮಾಡಿ, ಅದರ ಮೇಲೆ ಎರಡು ಅಂಗುಲ ಮರಳು ಹರಡಿ, ಕಲ್ಲನ್ನು ಒಂದೇ ವರಸೆಯಾಗಿ ಸಾಲಾಗಿಡಬೇಕು. ಕಲ್ಲುಗಳ ನಡುವೆ ಸಿಮೆಂಟು ಬೇಡ. ಪಾತಿಯಲ್ಲಿ ಹೆಚ್ಚಾದ ನೀರು ಹೊರಬರಲು ಸಂದು ಬೇಕು. ಅದೂ ಅಲ್ಲದೆ ಎರೆಮಣ್ಣು ಇಂದಲ್ಲ ನಾಳೆ ಒಂದು ಕಲ್ಲನ್ನು ಎತ್ತಿಯೇ ಎತ್ತುತ್ತದೆ. ಸಿಮೆಂಟು ಹಾಕಿದ ಅಂಚು ಆಗ ಮುರಿಯುತ್ತದೆ; ಸಿಮೆಂಟಿಲ್ಲದ ಕಲ್ಲನ್ನು ಎತ್ತಿ, ಒಂದು ಹಿಡಿ ಮರಳನ್ನು ಸರಿಮಾಡಿ ಮತ್ತೆ ಕೂಡಿಸಬಹುದು. ಗೋಡೆಯ ಬದಿಯ ದಾರಿಯ ನಿಯಮ ಇದಕ್ಕೆ ತದ್ವಿರುದ್ಧ: ಅಲ್ಲಿ ಸಂದುಗಳೆಲ್ಲ ಮುಚ್ಚಿರಬೇಕು. ಪಾಯಕ್ಕೂ ಚಪ್ಪಡಿಗೂ ನಡುವಿನ ಸಂದನ್ನು ಪ್ರತಿವರ್ಷ ಬೇಸಗೆಯ ಕೊನೆಯಲ್ಲಿ ನೋಡಿ, ಬಾಯಿಬಿಟ್ಟಿದ್ದರೆ ಮಳೆಗೆ ಮುಂಚೆ ಮುಚ್ಚಬೇಕು.

ದಾರಿಗೆ ಶಹಾಬಾದು ಚಪ್ಪಡಿಯನ್ನೇ ಆರಿಸಿದರು. ಪಾಲಿಶು ಮಾಡದ, ಮೇಲ್ಮೈ ಒರಟಾದ, ತಿಳಿಬಣ್ಣದ ಚಪ್ಪಡಿ. ಕಾಲಿಗೆ ಹಿಡಿತವೂ ಉಂಟು, ಬಿಸಿಲಿಗೆ ಅಷ್ಟಾಗಿ ಕಾಯುವುದೂ ಇಲ್ಲ. ಪಾತಿಯೊಳಗಣ ಎರೆಗೆ ಕೆಮ್ಮಣ್ಣು, ಕೊಟ್ಟಿಗೆಗೊಬ್ಬರ, ಮರಳು ಬೆರೆಸಿದರು. ನೀರನ್ನು ಪೈಪಿನಲ್ಲಿ ಹರಿಯಬಿಡದೆ ಕೊಡದಲ್ಲಿ ಅಳೆದು ಹಾಕುವುದೆಂದು ಗೊತ್ತಾಯಿತು. ವರ್ಷಕ್ಕೆ 600ರಿಂದ 700 ಮಿಲಿಮೀಟರು ಮಳೆ ಬೀಳುವ ಸೀಮೆಯಲ್ಲಿ ನೀರಿನ ಮಿತವ್ಯಯ ಗೋಡೆಗೂ ಒಳ್ಳೆಯದು, ಊರಿಗೂ ಒಳ್ಳೆಯದು. ಕನಕಾಂಬರ, ಸೇವಂತಿಗೆ, ಕಾಕಡ, ಎರಡು ನಂದಿಬಟ್ಟಲು. ಬೇರು ದೂರ ಹೋಗುವ ಮರದ ಜಾತಿಯ ಗಿಡ ಒಂದೂ ಇಲ್ಲ.

ಒಂದು ಕಲ್ಲು ಮಿಕ್ಕಿತ್ತು

ದಾರಿಯಿಂದ ಪಾತಿಯ ಆಚೆಯ ಬದಿಗೆ ದಾಟುವೆಡೆಯಲ್ಲಿ ಒಂದು ಮೆಟ್ಟುಗಲ್ಲು ಬೇಕಾಯಿತು. ಅಗಲವಾದ, ಗಟ್ಟಿಯಾದ, ಜಾರದ ಕಲ್ಲು. ಮೇಸ್ತ್ರಿ ಅಂಗಡಿಗೆ ಹೊರಟಾಗ ವೃದ್ಧೆ ಹಿತ್ತಿಲಿನ ಮೂಲೆಯ ಕಡೆಗೆ ಕೈ ತೋರಿದರು. ಅಲ್ಲಿ ಹಳೆಯ ಮನೆಯಿಂದ ಬಂದಿದ್ದ ಒಗೆಯುವ ಕಲ್ಲು ಮಗುಚಿ ಬಿದ್ದಿತ್ತು. ಬಟ್ಟೆ ಒಗೆಯುವ ಯಂತ್ರ ಮನೆಗೆ ಬಂದ ದಿನದಿಂದ ಅದಕ್ಕೆ ಕೆಲಸವಿರಲಿಲ್ಲ. ಅದರ ಪಕ್ಕದಲ್ಲಿ ಒರಳೂ ಬೀಸುವ ಕಲ್ಲೂ ಅದೇ ರೀತಿ ನಿವೃತ್ತವಾಗಿ ಕುಳಿತಿದ್ದುವು.

"ನಲವತ್ತು ವರ್ಷ ಅದರ ಮೇಲೆ ಒಗೆದೀನಿ. ಒಂದು ದಿನ ಜಾರಿಲ್ಲ" ಎಂದರು ಅಜ್ಜಿ.

ಮೇಸ್ತ್ರಿ ಅದನ್ನು ತೊಳೆದು ನೋಡಿದ. ಮೊಳೆಯಿಂದ ಗೀರಿದ, ಗೀರು ಬೀಳಲಿಲ್ಲ. ಇಷ್ಟು ವರ್ಷ ಸಾಬೂನು, ನೀರು, ಬಿಸಿಲು, ಏಟುಗಳನ್ನು ತಿಂದು ಒಂದು ಮೂಲೆಯೂ ಕಳೆಯದಿದ್ದ ಕಲ್ಲಿಗೆ ಬೇರೆ ಪರೀಕ್ಷೆ ಬೇಕಿರಲಿಲ್ಲ. ಮನೆಯಲ್ಲಿ ಇಂಥ ಕಲ್ಲು ಇದ್ದವರು ಕಲ್ಲಿನಂಗಡಿಗೆ ಹೋಗುವ ಮುನ್ನ ಹಿತ್ತಿಲಿಗೆ ಹೋಗಿಬರುವುದು ಲೇಸು.

ಈಗ ಆ ಮನೆಯಲ್ಲಿ ಬೆಳಗಿನ ಹೊತ್ತು ಮೊದಲು ಬಾಗಿಲು ತೆರೆಯುವವರು ಅಜ್ಜಿ. ಶಹಾಬಾದು ಚಪ್ಪಡಿಯ ಮೇಲೆ, ಗೋಡೆಯನ್ನು ಒಂದು ಕೈಯಿಂದ ಹಿಡಿದುಕೊಂಡು ನಡೆಯುತ್ತಾರೆ. ಗೋಡೆಯೂ ಒಣಗಿದೆ, ದಾರಿಯೂ ಒಣಗಿದೆ. ಒಗೆಯುವ ಕಲ್ಲಿನ ಮೇಲೆ ನಿಂತು ನಂದಿಬಟ್ಟಲಿನ ಕೊಂಬೆಯನ್ನು ಬಾಗಿಸಿ, ದೇವರಿಗೆ ಬೇಕಾದಷ್ಟನ್ನು ಕಿತ್ತುಕೊಂಡು, ಉಳಿದುದನ್ನು ಗಿಡದಲ್ಲಿಯೇ ಬಿಡುತ್ತಾರೆ.